ಕಪ್ಪು ಬೋಲ್ಟಿನ ನಟ್ಟು ಎಲ್ಲಿ?

ನಾರಾಯಣಖೇಡದ ಸಂತೆ ಬಯಲಿನಲ್ಲಿ ಹೊಸ ಚಪ್ಪರ ಬಿದ್ದಾಗ ಗಾಳಿ ಅಂಥ ಜೋರಿನದೇನೂ ಆಗಿರಲಿಲ್ಲ. ಹಸಿಮೆಣಸಿನಕಾಯಿ ಮೇಲೆ ಹೊದಿಸಿದ್ದ ಗೋಣಿಚೀಲ ಕೂಡ ಹಾರಿರಲಿಲ್ಲ. ಆದರೂ ಮೂಲೆಯ ಉಕ್ಕಿನ ಕಂಬ ಬುಡಸಮೇತ ಎದ್ದಿತು. ಪಕ್ಕದ ಕಂಬ ಅದರ ಹಿಂದೆಯೇ ವಾಲಿತು. ತಗಡಿನ ಮಾಡು ಒಂದು ಮಗ್ಗುಲಿಗೆ ಕುಸಿಯಿತು. ಅದರ ಕೆಳಗೆ ಕೂತು ಸೊಪ್ಪು ಮಾರುತ್ತಿದ್ದ ಪೀರಮ್ಮನ ಕಾಲು ಮುರಿಯಿತು.

ಮಳೆಗಾಲಕ್ಕೆ ಮೊದಲು ಉದ್ಘಾಟನೆಯಾದ ಚಪ್ಪರ. ಮಳೆಗಾಲ ಮುಗಿಯುವ ಮೊದಲೇ ನೆಲಕ್ಕೆ!

ನಾವು ಮರುದಿನ ಅಲ್ಲಿಗೆ ಹೋದೆವು. ನಾವು ಎಂದರೆ ನಾನು ಮತ್ತು ಸರಿತಾ ಮೇಡಂ. ನನ್ನ ಹೆಸರು ಅಮರನಾಥ. ಜಹೀರಾಬಾದಿನಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಮೇಡಂ ವಿಮಾ ಕಂಪನಿಯ ಪರವಾಗಿ ಇಂಥ ಅಪಘಾತಗಳ ತನಿಖೆ ಮಾಡುವವರು. ಬಿದ್ದದ್ದು, ಸುಟ್ಟದ್ದು, ಮುಳುಗಿದ್ದು ಎಲ್ಲಿದ್ದರೂ ನನ್ನ ಕಾರೇ. ಹೀಗಾಗಿ ಅವರು ಸುಮ್ಮನಿದ್ದಾಗ ನಾನೂ ಸುಮ್ಮನಿರಬೇಕು ಎನ್ನುವುದನ್ನು ಕಲಿತಿದ್ದೇನೆ.

ಎಸ್.ಐ. ಕ್ರಾಂತಿಕುಮಾರ ನಮ್ಮನ್ನು ಕಂಡ ಕೂಡಲೇ ಒಂದು ಕವರು ತೆರೆದು ತೋರಿಸಿದರು. ಒಳಗೆ ಬೋಲ್ಟುಗಳು. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.

“ನೋಡ್ರಿ ಮೇಡಂ, ಕೇಸ್ ಸಾಫ್ ಅದ. ಹೊರಗಿನ ಕೆಲಸಕ್ಕ ತುಕ್ಕು ಹಿಡಿಯೋ ಬೋಲ್ಟ್ ಹಾಕ್ಯಾರ. ಚಪ್ಪರ ಮಾಡಿದಾಕಿ ಮಹಾನಂದಾ ಅಂತ, ನಿಮ್ಮ ಜಹೀರಾಬಾದದಾಕಿನೇ. ಆಕಿ ವರ್ಕ್‌ಶಾಪಿಗೆ ಸೀಲ್ ಹಾಕಿಸೀನಿ. ನಾಳೆ ಅರೆಸ್ಟ್.”

“ಇಷ್ಟು ಜಲ್ದಿ?”

“ಮುದುಕಿ ಕಾಲು ಮುರದದ. ಮಂದಿ ಠಾಣೆ ಮುಂದ ಕೂತಾರ. ನಾ ಏನ್ ಮಾಡ್ಲಿ, ಹೇಳ್ರಿ?”

ಮೇಡಂ ಒಂದು ಬೋಲ್ಟನ್ನು ಕೈಗೆ ತೆಗೆದುಕೊಂಡರು. ತುದಿಯಿಂದ ತಲೆಯವರೆಗೆ ತಿರುಗಿಸಿ, ತಲೆಯ ತುಕ್ಕು ಒರೆಸಿ ನೋಡಿದರು.

“ಇದು ಮುರದಿಲ್ಲಲ್ರಿ, ಸಾಹೇಬ್ರೇ.”

“ಮುರೀಲಿಕ್ಕೆ ಏನ್ ಉಳದದ? ಪೂರಾ ತುಕ್ಕು!”

“ತುಕ್ಕು ತಿಂದ ಬೋಲ್ಟ್ ನಡುವೆ ಮುರೀತದ. ಇವು ಎಲ್ಲಾ ಇಡಿಯಾಗೇ ಅವ. ಕಿತ್ತು ಬಂದಾವ. ಎದರಿಂದ ಕಿತ್ತು ಬಂದ್ವು? ನಟ್ಟು ಎಲ್ಲಿ?”

ಕ್ರಾಂತಿಕುಮಾರ ಕವರಿನೊಳಗೆ ನೋಡಿದರು, ಕವರಿನ ಹೊರಗೂ ನೋಡಿದರು.

“ನಟ್ಟು... ನಟ್ಟು ಸಿಕ್ಕಿಲ್ರಿ.”

“ಹುಡುಕಿದ್ರಿ?”

ಅವರು ಕವರಿನ ಬಾಯಿ ಮಡಚಿದರು. ಪಾಪ, ನಿಯತ್ತಿನ ಮನುಷ್ಯ. ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ.

ಮೇಡಂ ಕಂಬ ಎದ್ದುಹೋದ ಜಾಗದಲ್ಲಿ ಮೊಣಕಾಲೂರಿ ಕೂತರು. ನೆಲಕ್ಕೆಲ್ಲ ತಾಂಡೂರಿನ ನೀಲಿಗಲ್ಲು ಹಾಸಿತ್ತು. ಕಂಬದ ಬುಡದಲ್ಲಿ, ಕಲ್ಲಿನ ನಡುವೆ, ನೆಲದೊಳಗೆ ಹೂತ ಉಕ್ಕಿನ ಪೆಟ್ಟಿಗೆಯ ಮುಚ್ಚಳ ಕಾಣುತ್ತಿತ್ತು. ಮುಚ್ಚಳದಲ್ಲಿ ನಾಲ್ಕು ತೂತು. ಅವರು ಒಂದು ತೂತಿನೊಳಗೆ ಮೊಬೈಲಿನ ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಅಂಗೈಯನ್ನು ಕಲ್ಲಿನ ಮೇಲೆ ಸವರಿದರು. ಬುಡದ ಹತ್ತಿರ ಸವರಿದರು, ದೂರ ಸವರಿದರು, ಮತ್ತೆ ಬುಡದ ಹತ್ತಿರ.

“ಅಮರನಾಥ, ನೀ ಸವರಿ ನೋಡು.”

ಸವರಿದೆ. ದೂರದ ಕಲ್ಲು ನುಣುಪು. ಬುಡದ ಸುತ್ತ ಒಂದು ಮೊಳದಷ್ಟು ಜಾಗ ಮಾತ್ರ ಒರಟು, ಬೂದಿ ಬಣ್ಣ. ಬೆಕ್ಕಿನ ನಾಲಿಗೆಯ ಹಾಗೆ.

“ಮಂದಿ ತುಳದಿರಬೇಕ್ರಿ,” ಎಂದೆ.

“ಕಂಬದ ಬುಡಕ್ಕೇ ಹೋಗಿ ಯಾರು ತುಳೀತಾರ?” ಎಂದು ಅವರು ಎದ್ದು ಸೀರೆ ಕೊಡವಿಕೊಂಡರು.

ಕುಸಿದ ತಗಡಿನಡಿ ಪೀರಮ್ಮನ ಬುಟ್ಟಿ ಇನ್ನೂ ಬಿದ್ದಿತ್ತು. ಪಕ್ಕದಲ್ಲಿ ಆಕೆಯ ತಕ್ಕಡಿ. ಅದರ ಒಂದು ತಟ್ಟೆಯ ಹಗ್ಗಕ್ಕೆ ಚಿಂದಿ ಬಟ್ಟೆಯಲ್ಲಿ ಏನೋ ಗಂಟು ಕಟ್ಟಿತ್ತು. ನಾನು ಅದನ್ನು ಎತ್ತಿ ಬುಟ್ಟಿಯಲ್ಲಿಟ್ಟೆ. ಅದಕ್ಕೆ ಆಗ ಯಾವ ಬೆಲೆಯೂ ಇರಲಿಲ್ಲ.

ಬಯಲಿನ ಕಾವಲುಗಾರ ಬಾಲರಾಜ ದೂರ ನಿಂತು ತಂಬಾಕು ತಿಕ್ಕುತ್ತಿದ್ದ. ಮೇಡಂ ಅವನನ್ನು ಕರೆದರು.

“ಬಾಲರಾಜಣ್ಣ, ಈ ಬೋಲ್ಟ್ ಯಾರರ ಬಿಚ್ಚೋದು ನೋಡೀಯೇನು?”

“ಇಲ್ರಿ! ನಾ ಇದ್ದಾಗ ಒಂದು ಮೊಳಿ ಮುಟ್ಟಲಿಕ್ಕೂ ಬಿಡಂಗಿಲ್ರಿ.”

“ನೀ ಇಲ್ಲದಾಗ?”

“ನಾ ಯಾವಾಗೂ ಇರ್ತೀನ್ರಿ.”

“ಊಟಕ್ಕ?”

“ಊಟಕ್ಕ ಬಿಟ್ಟು.”

“ಚಹಾಕ್ಕ?”

“ಚಹಾಕ್ಕೂ ಬಿಟ್ಟು...”

“ಉದ್ಘಾಟನೆ ಮುಂಚೆ ಇಲ್ಲಿ ಯಾರ್ಯಾರು ಕೆಲಸ ಮಾಡಿದ್ರು?”

“ಕಂಬ ನಿಲ್ಲಿಸಿದಾಕಿ ಮಹಾನಂದಕ್ಕ. ಕಲ್ಲು ಹಾಸಿದಾತ ತಾಂಡೂರ ಲಿಂಗರಾಜ ಸಾಹುಕಾರ್ರು. ಭಾಳ ಛಲೋ ಮನಷ್ಯಾರ್ರಿ. ಕಡೀ ಪಾಲಿಶಿಗೆ ಬಂದಾಗ ನನಗ ರೊಕ್ಕಾ ಕೊಟ್ಟು, ‘ಹೋಗಿ ಮಿರ್ಚಿಭಜಿ ತಿಂದು ಬಾರೋ’ ಅಂದ್ರು.”

“ತಿಂದು ಬಂದಿ?”

“ಬಿಸಿ ಬಿಸಿ ತಿಂದ್ನಿರಿ,” ಎಂದ ಬಾಲರಾಜ, ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ ಎನ್ನುವ ಹಾಗೆ.

ಮೇಡಂ ಎಸ್.ಐ. ಕಡೆ ತಿರುಗಿದರು. “ಸಾಹೇಬ್ರೇ, ಅರೆಸ್ಟ್ ಎರಡು ದಿನ ತಡೀರಿ.”

“ಮಂದಿಗೆ ಏನ್ ಹೇಳ್ಲಿ?”

“ಸರಿತಾ ನಟ್ಟು ಹುಡುಕ್ಲತ್ತಾಳ ಅಂತ ಹೇಳ್ರಿ.”

*

ಮಹಾನಂದಾ ಸೀಲು ಹಾಕಿದ ತನ್ನ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತಿದ್ದಳು. ನಲವತ್ತರ ಹೆಂಗಸು. ಹಣೆಯ ಮೇಲೆ ವಿಭೂತಿ, ಮುಂಗೈ ತುಂಬ ವೆಲ್ಡಿಂಗ್ ಕಿಡಿ ಸಿಡಿದ ಚುಕ್ಕೆ. ಒಳಗೆ ಅರ್ಧ ಮಾಡಿದ ಶಾಲೆಯ ಗೇಟು ಬೀಗದ ಹಿಂದೆ ನಿಂತಿತ್ತು.

“ಅರೆಸ್ಟ್ ಮಾಡಾಕ ಬಂದೀರೇನು?” ಎಂದಳು.

“ಇಲ್ಲವ್ವ. ಕೇಳಾಕ ಬಂದೀನಿ. ಕಪ್ಪು ಬೋಲ್ಟ್ ಯಾಕ ಆರಿಸಿದಿ?”

“ಚಪ್ಪರ ಮಾಡಿಸಿದವರಿಗೆ ಕಪ್ಪೇ ಬೇಕಾಗಿತ್ತು. ನೀಲಿಗಲ್ಲಿನ ಮ್ಯಾಲ ಕರಿ ಕಂಬ ಚಂದ ಕಾಣ್ತದ ಅಂದ್ರು. ಕರಿ ಕಂಬಕ್ಕ ಬಿಳಿ ಬೋಲ್ಟ್ ಹಾಕಿದ್ರ ಹಲ್ಲು ಕಿಸಿದಂಗ ಕಾಣ್ತದಂತ!”

“ಕಪ್ಪಿನಾಗೂ ಜಾತಿ ಅವ ಅಲಾ?”

ಮಹಾನಂದಾಳ ಮುಖಕ್ಕೆ ಮೊದಲ ಬಾರಿ ಜೀವ ಬಂತು. “ಹೌದ್ರಿ. ಒಂದು, ಬರೇ ಬಣ್ಣ ತಿರುಗಿಸಿ ಎಣ್ಣಿ ಸವರಿದ ಕಪ್ಪು. ಮಶೀನಿನ ಒಳಗ ಛಲೋ. ಹೊರಗ ಮಳಿಗೆ ಇಟ್ರ ಎಣ್ಣಿ ತೊಳದು ಹೋಗ್ತದ, ತಿಂಗಳದಾಗ ಕೆಂಪು. ಇನ್ನೊಂದು, ತೆಳುವಾಗಿ ಝಿಂಕ್ ಹತ್ತಿಸಿ ಅದರ ಮ್ಯಾಲ ಕಪ್ಪು ಮಾಡಿದ್ದು. ಮನಿ ಕಿಡಕಿಗೆ ನಡೀತದ. ಸಂತಿ ಚಪ್ಪರಕ್ಕ ನನಗ ಧೈರ್ಯ ಆಗ್ಲಿಲ್ಲ. ನಾ ಹಾಕಿದ್ದು ಕಾದ ಝಿಂಕಿನಾಗ ಅದ್ದಿ, ಮ್ಯಾಲ ಕರಿ ಪೌಡರ್ ಸುಟ್ಟು ಕೂಡಿಸಿದ್ದು. ದಪ್ಪ ಚರ್ಮ. ಮಳಿಗೆ ಹೆದರಂಗಿಲ್ಲ.”

“ದಪ್ಪ ಚರ್ಮ ಆದ್ರ ನಟ್ಟಿನೊಳಗ ಹೆಂಗ ಹೋಗ್ತದ?”

“ಅದಕ್ಕೇ ಅದರ ನಟ್ಟಿನೊಳಗಿನ ತಿರುಪಿನ ಎಳಿ ಜರಾ ಅಗಲ ಕೊರದಿರ್ತಾರ. ಈ ಬೋಲ್ಟಿಗೆ ಈ ನಟ್ಟೇ. ಝಿಂಕ್ ಇಲ್ಲದ ಬರೇ ಬೋಲ್ಟ್ ಹಾಕಿದ್ರ ದೊಡ್ಡ ಅಂಗಿ ತೊಟ್ಟಂಗ ಆಗ್ತದ.”

“ಆ ನಟ್ಟು ನೆಲದೊಳಗ ಯಾಕ ಇಟ್ಟಿ?”

“ಕಳ್ಳರ ಸಲುವಾಗ್ರಿ. ನಮ್ಮ ಕಡೆ ಹೊರಗ ನಟ್ಟು ಕಂಡ್ರ ಉಳೀತದೇನು? ಅದಕ್ಕ ನಾ ನೆಲದೊಳಗ ಪೆಟಗಿ ಮಾಡಿ, ನಟ್ಟು ತಿರುಗದಂಗ ಅದರಾಗ ಕೂಡಿಸ್ತೀನಿ. ಮ್ಯಾಲಿಂದ ಬೋಲ್ಟ್ ಬಿಗಿಯೋದು. ನಟ್ಟು ತಗೀಬೇಕಂದ್ರ ಕಲ್ಲು ಒಡದು ಪೆಟಗಿ ಕೊರೀಬೇಕು.”

ಮೇಡಂ ತಲೆಯಾಡಿಸಿದರು. “ನೆಲ ಹಾಸಿದವರಿಗೆ ಏನರ ಹೇಳಿದ್ಯಾ?”

“ಒಂದೇ ಮಾತು ಹೇಳಿದ್ದೆ. ಏನ್ ಬೇಕಾದ್ದು ಮಾಡ್ರಿ, ಇಲ್ಲಿ ತೇಜಾಬು, ಆ ಆ್ಯಸಿಡ್ಡು, ಹಾಕಬ್ಯಾಡ್ರಿ ಅಂತ. ಝಿಂಕಿಗೆ ತೇಜಾಬು ಅಂದ್ರ ಬೆಲ್ಲಕ್ಕ ನೀರು ಇದ್ದಂಗ. ಹೂಂ ಅಂದಿದ್ರು.” ಆಕೆ ಬೀಗದ ಕಡೆ ನೋಡಿದಳು. “ಅಕ್ಕಾ, ಗಂಡಸರ ಈ ದಂಧೆದಾಗ ನನ್ನ ಮಾತಿಗೆ ಮಂದಿ ನಂಬಿಕಿ ಇಡಾಕ ಹದಿನೈದು ವರ್ಷ ಹಿಡೀತು. ಈಗ ನಾ ಜೈಲಿಗೆ ಹೋದ್ರ, ಹೆಂಗಸು ಕಟ್ಟಿದ್ದು ಬೀಳ್ತದ ಅಂತ ಆಗ್ತದ. ಕಾಲು ಮುರದದ್ದು ನನ್ನಿಂದ ಆಗಿದ್ರ ಹೋಗ್ತೀನಿ. ಆಗಿಲ್ಲಂದ್ರ?”

“ಆಗಿಲ್ಲಂದ್ರ ಈ ಬೀಗ ತಗಸ್ತೀನಿ,” ಎಂದರು ಮೇಡಂ. ಅವರು ಹೀಗೆ ಮಾತು ಕೊಟ್ಟದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ.

ಬೋಲ್ಟು ಮಾರಿದ ಉಮಾಕಾಂತನ ಅಂಗಡಿ ಅದೇ ರಸ್ತೆಯಲ್ಲಿತ್ತು. ನಮ್ಮನ್ನು ಕಂಡೊಡನೆ ಅವನು ಕಲ್ಲಂಗಡಿಯಷ್ಟು ಮುಖ ಊದಿಸಿಕೊಂಡ.

“ಎಲ್ಲಾರೂ ನನ್ನ ಮ್ಯಾಲೇ ಬರ್ರಿ! ನಾ ನಕಲಿ ಮಾಲ ಮಾರೀನಂತ ಪೇಟಿ ತುಂಬಾ ಸುದ್ದಿ.”

“ಮಾರೀಯೇನು?”

“ಮೇಡಂ, ಮಾರಬೇಕಂದ್ರ ಗಿರಾಕಿ ಕುರುಡ ಇರಬೇಕು. ಮಹಾನಂದಾ ಒಂದೊಂದು ಬೋಲ್ಟಿನ ಎಳಿ ಉಗುರಿಂದ ಕೆರದು ನೋಡ್ತಾಳ. ಬದನಿಕಾಯಿ ಆರಿಸಿದಂಗ! ಆಕಿಗೆ ಯಾರು ಮೋಸ ಮಾಡ್ತಾರ?”

“ಅದೇ ಮಾಲು ಇನ್ನೂ ಅದ?”

ಇತ್ತು. ಮೇಡಂ ಒಂದು ಬೋಲ್ಟು ಕೇಳಿ ಚೀಲಕ್ಕೆ ಹಾಕಿಕೊಂಡರು. ಹೊರಗೆ ಬಂದು, “ತಲಿ ನೋಡಿದ್ಯಾ?” ಎಂದರು. ಬೋಲ್ಟಿನ ತಲೆಯ ಮೇಲೆ ಎರಡು ಅಕ್ಷರ ಎದ್ದಿದ್ದವು. ಪೊಲೀಸರ ಕವರಿನ ಬೋಲ್ಟಿನಲ್ಲಿ, ತುಕ್ಕು ಒರೆಸಿದಾಗ ನಾವು ಕಂಡದ್ದು ಒಂದು ಸಣ್ಣ ತ್ರಿಕೋನ.

“ಹಂಗಾದ್ರ ಇವು ಮಹಾನಂದಾ ಹಾಕಿದ ಬೋಲ್ಟೇ ಅಲ್ಲ!” ಎಂದೆ.

“ಉಮಾಕಾಂತ ಆಗ ಇನ್ನೊಂದು ಮಾಲು ಕೊಟ್ಟಿದ್ನೋ ಏನೋ ಅಂತ ನಾಳೆ ವಕೀಲ ಕೇಳ್ತಾನ. ಆಗ ಏನ್ ಹೇಳ್ತಿ? ಕಾರು ತಗಿ. ಪೀರಮ್ಮನ ಮಾತಾಡಸೂಣು.”

*

ಪೀರಮ್ಮ ಆಸ್ಪತ್ರೆಯ ಮಂಚದ ಮೇಲೆ, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದಳು. ನೋವಿಗಿಂತ ಹೆಚ್ಚಾಗಿ ಸಿಟ್ಟು.

“ನನ್ನ ತಕ್ಕಡಿ ಎಲ್ಲಿ? ಅದನ್ನ ಯಾರರ ತರ್ತೀರೋ ಇಲ್ಲೋ? ಅದರ ಪಾಸಂಗ ಹೋತಂದ್ರ ನನ್ನ ದಂಧೆನೇ ಹೋತು!”

ಪಾಸಂಗ ಎಂದರೆ ಸೊಟ್ಟ ತಕ್ಕಡಿ ಸಮ ಮಾಡಲು ಒಂದು ತಟ್ಟೆಗೆ ಕಟ್ಟುವ ಸಣ್ಣ ಭಾರ. ನಮ್ಮ ಸಂತೆಗಳಲ್ಲಿ ಕಲ್ಲು, ಬಳೆ, ಹಳೇ ಬೀಗ ಏನಾದರೂ ಆಗುತ್ತದೆ. ಗಿರಾಕಿಗಳು ಅದರ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ.

“ತಕ್ಕಡಿ ನನ್ನ ಕಾರಿನಾಗ ಅದ, ಅಜ್ಜಿ,” ಎಂದೆ. ಬುಟ್ಟಿ ಸಮೇತ ತಂದಿದ್ದೆ.

“ನೂರು ವರ್ಷ ಬಾಳಪ್ಪಾ! ಗಂಟು ಬಿಚ್ಚಿಲ್ಲಲಾ?”

“ಗಂಟಿನಾಗ ಏನದ?” ಮೇಡಂ ಕೇಳಿದರು.

ಪೀರಮ್ಮ ಆಚೀಚೆ ನೋಡಿದಳು. “ಮೋಸ ಅಲ್ರಿ ಮತ್ತ. ತಟ್ಟಿ ಸೊಟ್ಟ ಅದ, ಅದಕ್ಕ ಕಟ್ಟೀನಿ. ಒಂದು ಬೋಲ್ಟು.”

ಮೇಡಂ ನನ್ನ ಮುಖ ನೋಡಿದರು. ನಾನು ಓಡಿದೆ.

ಚಿಂದಿ ಬಿಚ್ಚಿದಾಗ ಒಳಗಿದ್ದ ಬೋಲ್ಟಿನ ತಲೆಯ ಕಪ್ಪು ಸಿಪ್ಪೆ ಹಪ್ಪಳದಂತೆ ಉಬ್ಬಿ ಎದ್ದಿತ್ತು. ಅದರಡಿ ಬಿಳಿ ಹಿಟ್ಟಿನಂಥದು, ಅಲ್ಲಲ್ಲಿ ಕಿತ್ತಳೆ ಚುಕ್ಕೆ. ಎಳೆಗಳ ಕಪ್ಪು ಮಾತ್ರ ಹೊಸದರಂತೆ ಇತ್ತು. ತಲೆಯ ಮೇಲೆ ಎರಡು ಅಕ್ಷರ.

“ಇದು ಎಲ್ಲಿ ಸಿಕ್ಕಿತವ್ವ?”

“ಚಪ್ಪರದ ಹಿಂದಿನ ಹೊಲಸು ನೀರಿನ ನಾಲಿದಾಗ. ಉದ್ಘಾಟನೆ ಹಿಂದಿನ ದಿನ. ಒಂದು ಗುಂಪಿ ಬಿದ್ದಿತ್ತು. ನಾ ಒಂದು ಆರಿಸಿಕೊಂಡೆ, ಉಳದದ್ದು ಗುಜರಿಯವ ಹೊತ್ಕೊಂಡು ಹೋದ. ಯಾಕ? ಯಾರದರ ಮಾಲಾ?”

“ನಿನ್ನ ಕಾಲಿಂದು,” ಎಂದರು ಮೇಡಂ. ಪೀರಮ್ಮನಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಿರಲಿಲ್ಲ. “ಇದನ್ನ ನನಗ ಕೊಡು. ಬದಲಿ ಭಾರ ಕೊಡಸ್ತೀನಿ.”

“ಇಷ್ಟೇ ತೂಕದ್ದು ಬೇಕು! ಕಮ್ಮಿ ಆದ್ರ ಗಿರಾಕಿ ಬೈತಾರ, ಹೆಚ್ಚಿಗೆ ಆದ್ರ ನಾ ಸಾಯ್ತೀನಿ.”

ಹೊರಗೆ ಬಂದು ಮೇಡಂ ಎರಡು ಕೆಲಸ ಮಾಡಿದರು. ಗೊಬ್ಬರದಂಗಡಿಯಿಂದ ನನ್ನ ಕೈಲಿ ಒಂದಿಷ್ಟು ಮೈಲುತುತ್ತ ತರಿಸಿದರು. ಆಮೇಲೆ ತಾಂಡೂರಿನ ಲಿಂಗರಾಜನಿಗೆ ಫೋನು ಮಾಡಿದರು: ಸಂತೆ ಬಯಲಿನ ನೆಲ ಕೆಟ್ಟಿದೆ, ನೋಡಿ ಮತ್ತೆ ಪಾಲಿಶ್ ಮಾಡಬೇಕು, ಮಶೀನು ಸಹಿತ ಬನ್ನಿ.

*

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದರು. ಎಸ್.ಐ., ಮಹಾನಂದಾ, ಉಮಾಕಾಂತ, ಬಾಲರಾಜ. ಸುತ್ತ ಅರ್ಧ ಊರು. ಲಿಂಗರಾಜ ಸಣ್ಣ ಟ್ರಕ್ಕಿನಲ್ಲಿ ಪಾಲಿಶ್ ಮಶೀನು ಹೇರಿಕೊಂಡು ಬಂದ. ಬಿಳಿ ಅಂಗಿಯ, ನಗುಮುಖದ ಮನುಷ್ಯ. ಕಲ್ಲಿನ ಧೂಳು ಅವನ ಹುಬ್ಬಿನಲ್ಲೂ ಇತ್ತು.

“ಇದೇನ್ರಿ, ನೆಲ ಪಾಲಿಶಿಗೆ ಪೊಲೀಸರು?” ಎಂದು ನಕ್ಕ.

“ಮೊದಲು ಒಂದು ಕಲ್ಲು ಒಡೀರಿ,” ಎಂದರು ಮೇಡಂ.

ಕಲ್ಲು ಒಡೆಯಿತು. ಪೆಟ್ಟಿಗೆ ಕೊರೆದು ನಟ್ಟೊಂದನ್ನು ಹೊರಗೆ ತೆಗೆದರು. ಎಸ್.ಐ. ಅದನ್ನು ಅಂಗೈಯಲ್ಲಿಟ್ಟು ಹುಬ್ಬೇರಿಸಿದರು. ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ಒಂದು ಚುಕ್ಕೆ ತುಕ್ಕಿಲ್ಲ.

“ಬೋಲ್ಟು ನಟ್ಟು ಕೂಡಿ ಒಂದೇ ಮನಿಯಾಗ ಇದ್ವು,” ಎಂದರು ಮೇಡಂ. “ಬೋಲ್ಟಿನ ಕಡೀ ಎಳಿಗಳು ಈ ನಟ್ಟಿನ ಹೊಟ್ಟ್ಯಾಗೇ ಇದ್ವು. ಅವೂ ಕೆಂಪಾಗ್ಯಾವ, ನಟ್ಟಿಗೆ ಏನೂ ಆಗಿಲ್ಲ. ಯಾಕ?”

ಜನ ಇನ್ನಷ್ಟು ಹತ್ತಿರ ಸರಿದರು.

ಮೇಡಂ ಮೈಲುತುತ್ತ ಕಲಸಿದ ನೀಲಿ ನೀರಿನ ಬಟ್ಟಲು ಮುಂದಿಟ್ಟರು. ನಟ್ಟಿನ ಮೇಲಿನ ಕರಿಬಣ್ಣ ಕೆರೆದು ಒಂದು ಹನಿ ಬಿಟ್ಟರು. ಅಲ್ಲಿ ಕಾಡಿಗೆಯಂಥ ಮಸಿ ಎದ್ದಿತು, ಒರೆಸಿದರೆ ಹೋಯಿತು. ತುಕ್ಕಿನ ಬೋಲ್ಟಿನ ಎಳೆಯನ್ನು ಹೊಳೆಯುವಂತೆ ಕೆರೆದು ಇನ್ನೊಂದು ಹನಿ. ಅದು ತಾಮ್ರದ ಬಿಂದಿಗೆಯ ಬಣ್ಣಕ್ಕೆ ತಿರುಗಿತು. ಎಷ್ಟು ಒರೆಸಿದರೂ ಹೋಗಲಿಲ್ಲ.

“ಮಸಿ ಬಂದ್ರ ಝಿಂಕ್ ಅದ. ತಾಮ್ರ ಹತ್ತಿದ್ರ ಬರೇ ಉಕ್ಕು. ನಟ್ಟಿನೊಳಗ ಇದ್ದ ಜಾಗದಾಗೂ ಈ ಬೋಲ್ಟಿಗೆ ಝಿಂಕ್ ಇಲ್ಲ. ಅಂದ್ರ ಹುಟ್ಟಿದಾಗಿಂದ್ಲೂ ಇರಲಿಲ್ಲ.”

“ಉಮಾಕಾಂತ ಹಂಗೇ ಕೊಟ್ಟಿರಬೇಕು!” ಎಂದ ಲಿಂಗರಾಜ.

“ಏಯ್!” ಎಂದು ಉಮಾಕಾಂತ ಎದ್ದ.

“ಕೂಡ್ರಪ್ಪ,” ಎಂದು ಮೇಡಂ ಪೀರಮ್ಮನ ಪಾಸಂಗದ ಬೋಲ್ಟನ್ನು ನಟ್ಟಿಗೆ ತಿರುಗಿಸಿದರು. ಅದು ಮೆಲ್ಲಗೆ, ಬಿಗಿಯಾಗಿ ಒಳಗೆ ಕೂತಿತು. “ಉಮಾಕಾಂತ ಕೊಟ್ಟದ್ದು, ಮಹಾನಂದಾ ಹಾಕಿದ್ದು ಇದು. ಉದ್ಘಾಟನೆ ಹಿಂದಿನ ದಿನ ನಾಲಿದಾಗ ಬಿದ್ದಿತ್ತು. ತಲಿ ನೋಡ್ರಿ, ತೇಜಾಬು ಕುಡದದ. ಮೈ ನೋಡ್ರಿ, ಹೊಸಾದು. ತೇಜಾಬು ಮ್ಯಾಲಿಂದ ಬಿದ್ದದ. ತೇಜಾಬು ಯಾರು ಹಾಕ್ತಾರ?”

ಅವರು ನೆಲದ ಕಡೆ ಕೈ ತೋರಿಸಿದರು.

“ತಾಂಡೂರು ಕಲ್ಲು ಹಾಸಿದ ಮ್ಯಾಲ ಸಿಮೆಂಟಿನ ಕಲಿ ತಗೀಲಿಕ್ಕೆ ತೇಜಾಬು ತೊಳಿಯೋದು ಕೆಲಸದವರ ರೂಢಿ. ಸುಣ್ಣದ ಕಲ್ಲು ಅದು, ತೇಜಾಬು ಬಿದ್ದಲ್ಲಿ ನುಣುಪು ಹೋಗಿ ಒರಟಾಗ್ತದ. ಇಲ್ಲಿ ನೆಲ ಪೂರಾ ನುಣುಪು, ಕಂಬದ ಬುಡ ಅಷ್ಟೇ ಒರಟು. ಬುಡದಾಗ ಸಿಮೆಂಟು ಹೆಚ್ಚು ಸಿಡದಿತ್ತು, ಹೌದಲ್ರಿ ಲಿಂಗರಾಜ್ರೇ?”

ಲಿಂಗರಾಜನ ನಗು ಇನ್ನೂ ಮುಖದ ಮೇಲಿತ್ತು. ಆದರೆ ಅದು ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಕಾಣುತ್ತಿತ್ತು.

“ಅದಕ್ಕೂ... ಈ ತುಕ್ಕಿನ ಬೋಲ್ಟಿಗೂ ಏನ್ ಸಂಬಂಧ್ರಿ?”

ಮೇಡಂ ಟ್ರಕ್ಕಿನ ಹತ್ತಿರ ಹೋಗಿ, ಪಾಲಿಶ್ ಮಶೀನಿನ ಮುಚ್ಚಳದ ಒಂದು ಬೋಲ್ಟನ್ನು ಸ್ಪ್ಯಾನರಿನಿಂದ ಬಿಚ್ಚಿದರು. ಕಪ್ಪು ಬೋಲ್ಟು, ಎಣ್ಣೆಯ ಜಿಡ್ಡು. ತಲೆ ಒರೆಸಿ ಎಸ್.ಐ. ಕೈಗೆ ಕೊಟ್ಟರು.

ಸಣ್ಣ ತ್ರಿಕೋನ.

ಆಮೇಲೆ ಮಹಾನಂದಾಳ ನಟ್ಟಿನಲ್ಲಿದ್ದ ಬೋಲ್ಟು ಬಿಚ್ಚಿ, ಈ ಬೋಲ್ಟು ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಡಗಡ ಸದ್ದು ಎಲ್ಲರಿಗೂ ಕೇಳಿಸಿತು.

“ದೊಡ್ಡ ಅಂಗಿ,” ಎಂದೆ ನಾನು, ತಡೆಯಲಾಗದೆ.

“ನಟ್ಟು ನೆಲದೊಳಗ ಇತ್ತು, ಅದನ್ನ ಬದಲಿ ಮಾಡಾಕ ಆಗ್ಲಿಲ್ಲ. ಬರೇ ಬೋಲ್ಟ್ ಬದಲಿ ಮಾಡಿದ್ರಿ. ಎಳಿ ಅರ್ಧಕ್ಕರ್ಧ ಹಿಡದಿತ್ತು. ಮಳಿಗೆ ತುಕ್ಕು ಬಂದು ಅದೂ ಸಡ್ಲಾತು. ಕಂಬ ಎದ್ದಾಗ ಬೋಲ್ಟು ಮುರೀಲಿಲ್ಲ, ಜಾರಿ ಬಂದ್ವು. ಬಾಲರಾಜಣ್ಣ, ನೀ ಮಿರ್ಚಿಭಜಿ ತಿಂದ ದಿನ ಯಾವುದು?”

ಬಾಲರಾಜನ ಬಾಯಿ ತೆರೆಯಿತು. “ಉದ್ಘಾಟನೆ ಹಿಂದಿನ ದಿನಾನೇ ರೀ...”

ಲಿಂಗರಾಜ ಟ್ರಕ್ಕಿನ ಹಲಗೆಯ ಮೇಲೆ ಕೂತುಬಿಟ್ಟ.

“ತೊಳದ ಮ್ಯಾಲ ಎಲ್ಲಾ ಬೋಲ್ಟ್ ಬೆಳ್ಳಗ ನೊರಿ ಉಗುಳಿದ್ವು,” ಎಂದ. ಯಾರ ಮುಖವನ್ನೂ ನೋಡಲಿಲ್ಲ. “ಮರುದಿನ ದೊಡ್ಡ ಮಂದಿ ಬರೋರಿದ್ರು. ತೇಜಾಬು ಬ್ಯಾಡ ಅಂತ ಆಕಿ ಹೇಳಿದ್ದು ಎಲ್ಲಾರೂ ಕೇಳಿದ್ರು. ಮಾನ ಹೋಗ್ತದಂತ ಹೆದರಿದೆ. ನನ್ನ ಹತ್ರ ಇದ್ದ ಮಶೀನಿನ ಬಿಡಿ ಬೋಲ್ಟ್ ಅದೇ ಅಳತಿದು, ಅದಕ್ಕಿಂತಾ ಕರ್ರಗ ಇತ್ತು. ಕಪ್ಪಿಗೆ ಕಪ್ಪು, ಏನಾತು ಅಂದ್ಕೊಂಡೆ. ಮಶೀನಿನಾಗ ಅವಕ್ಕ ಎಂದೂ ತುಕ್ಕು ಬಂದಿಲ್ರಿ. ಖರೇನೇ ಹೇಳ್ತೀನಿ, ಬೀಳ್ತದಂತ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ, ನಂಬ್ತೀನಿ,” ಎಂದರು ಮೇಡಂ. ದನಿ ಏರಲಿಲ್ಲ. “ತೇಜಾಬು ಹಾಕಿದ್ದು ರೂಢಿಯಿಂದ. ಬೋಲ್ಟ್ ಬದಲಿಸಿದ್ದು ಹೆದರಿಕಿಯಿಂದ. ಆದ್ರ ಚಪ್ಪರ ಬಿದ್ದ ದಿನ ನಿಮಗ ಗೊತ್ತಾತು. ಈಕಿ ಬಾಗಲಿಗೆ ಬೀಗ ಬಿದ್ದದ್ದೂ ಗೊತ್ತಾತು. ಅವತ್ತಿಂದ ಇವತ್ತಿನ ತನಕ ಬಾಯಿ ಮುಚ್ಚಿಕೊಂಡು ಕೂತ್ರಲ್ಲ?”

ಮಹಾನಂದಾ ಲಿಂಗರಾಜನ ಎದುರಿಗೆ ಹೋಗಿ ನಿಂತಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು.

“ಸಾಹುಕಾರ್ರೇ, ಅವತ್ತು ನನಗ ಒಂದು ಫೋನ್ ಮಾಡಿದ್ರ ಮುಂಜಾನಿ ಆಗೋದ್ರಾಗ ಹೊಸಾ ಬೋಲ್ಟ್ ಹಾಕಿ ಹೋಗ್ತಿದ್ದೆ. ಯಾರಿಗೂ ಹೇಳ್ತಿರಲಿಲ್ಲ,” ಎಂದಳು.

ಅವನು ಆಗ ಅತ್ತ.

ಕ್ರಾಂತಿಕುಮಾರ ಅವನನ್ನು ಜೀಪಿಗೆ ಹತ್ತಿಸಿದರು. ಆಮೇಲೆ ಜೇಬಿನಿಂದ ಬೀಗದಕೈ ತೆಗೆದು ಮಹಾನಂದಾಳಿಗೆ ಕೊಟ್ಟರು. “ಸೀಲ್ ನಾನೇ ಬಂದು ತಗೀತೀನಿ, ಅಕ್ಕಾ. ನಾ ನಟ್ಟು ಹುಡುಕಬೇಕಾಗಿತ್ತು,” ಎಂದರು.

ಸಂಜೆ ನಾವು ಆಸ್ಪತ್ರೆಗೆ ಹೋದಾಗ ಮಹಾನಂದಾಳೂ ಬಂದಳು. ಪೊಲೀಸರಿಗೆ ಒಪ್ಪಿಸಿದ ಪಾಸಂಗದ ಬದಲು ಹೊಸ ಕಪ್ಪು ಬೋಲ್ಟು ತಂದಿದ್ದಳು. ಪೀರಮ್ಮ ತಕ್ಕಡಿ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಮುಳ್ಳು ಒಂದಿಷ್ಟು ವಾಲಿತು.

“ಭಾರ ಜಾಸ್ತಿ ಆತು. ಹಳೇದರ ಸಿಪ್ಪಿ ಎದ್ದಿತ್ತಲ್ಲ,” ಎಂದಳು.

“ಇದನ್ನೇನು ತೇಜಾಬಿನಾಗ ಅದ್ದಿ ಕೊಡ್ಲೇನಜ್ಜಿ?” ಎಂದಳು ಮಹಾನಂದಾ. ಮೂರು ದಿನದಲ್ಲಿ ಆಕೆ ನಕ್ಕದ್ದು ಅದೇ ಮೊದಲು.

“ಬ್ಯಾಡ ನಮ್ಮವ್ವ! ಇರಲಿ ಬಿಡು.” ಪೀರಮ್ಮ ಬೋಲ್ಟನ್ನು ಚಿಂದಿಯಲ್ಲಿ ಗಂಟು ಕಟ್ಟಿದಳು. “ಇನ್ನ ಮ್ಯಾಲ ಗಿರಾಕಿಗೆ ಒಂದೆರಡು ಎಸಳು ಹೆಚ್ಚಿಗೆ ಹೋಗ್ತದ. ಹೋಗ್ಲಿ. ಆದ್ರ ಹೊಸಾ ಚಪ್ಪರ ನೀನೇ ಹಾಕಬೇಕು ನೋಡು. ನೆಲ ತೊಳಿಯೋ ದಿನ ಅಲ್ಲಿ ನಾನೇ ಕೂಡ್ತೀನಿ. ನನಗ ಮಿರ್ಚಿಭಜಿ ಅಂದ್ರ ಆಗಿಬರಂಗಿಲ್ಲ.”